ಅಜ್ಜನ ರಿವಾಲ್ವರ್ ಮತ್ತು ವಿರೂಪಾಪುರಗಡ್ಡೆ

ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯ ಆಸ್ತಿ ಹಂಚಿಕೆ ಅರ್ಧ ದಿನದಲ್ಲಿ ಮುಗಿಯಿತು. ಹೊಲ ಯಾರಿಗೆ, ಮನೆ ಯಾರಿಗೆ ಎಂಬುದನ್ನೆಲ್ಲ ಅವರೇ ಬರೆದಿಟ್ಟು ಹೋಗಿದ್ದರು. ಉಳಿದದ್ದು ಒಂದೇ ವಸ್ತು, ಅಜ್ಜನ ರಿವಾಲ್ವರ್. ಅದೊಂದು ನನ್ನ ಹೆಸರಿಗೆ ಬರಲು ಒಂದೂವರೆ ವರ್ಷ ಹಿಡಿಯಿತು.

ಲೈಸೆನ್ಸ್ ಇದ್ದವರು ಹೋದ ಮೇಲೆ ಆಯುಧವನ್ನು ಸುಮ್ಮನೆ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಪೊಲೀಸ್ ಠಾಣೆಗೋ ಅಧಿಕೃತ ವ್ಯಾಪಾರಿಗೋ ಒಪ್ಪಿಸಿ ರಸೀದಿ ಪಡೆಯಬೇಕು. ಆಮೇಲೆ ವಾರಸುದಾರರೆಲ್ಲರ ಒಪ್ಪಿಗೆ ಪತ್ರ, ಪೊಲೀಸ್ ವರದಿ, ಕಚೇರಿಗೆ ಹತ್ತಾರು ಸಲ ಓಡಾಟ. ಆ ಓಡಾಟದಲ್ಲಿ ಹಳೆಯ ಫೈಲಿನ ತಳದಿಂದ ಒಂದು ಉರ್ದು ಕಾಗದ ಹೊರಬಂತು. ಮಡಿಕೆ ಮಡಿಕೆಗೂ ಹರಿದಿದ್ದ, ನಿಜಾಮನ ಕಾಲದ ಲೈಸೆನ್ಸ್ ಅದು. ನಮ್ಮ ಗಂಗಾವತಿ ಸೀಮೆ 1948ರ ತನಕ ಹೈದರಾಬಾದ್ ಸಂಸ್ಥಾನದಲ್ಲಿತ್ತು ಎಂಬುದನ್ನು ಪುಸ್ತಕದಲ್ಲಿ ಓದುವುದು ಬೇರೆ. ಅಜ್ಜನ ಹೆಸರನ್ನು ಬಲದಿಂದ ಎಡಕ್ಕೆ ಬರೆದದ್ದನ್ನು ಕೈಯಲ್ಲಿ ಹಿಡಿದು ನೋಡುವುದು ಬೇರೆ.

ಆ ರಿವಾಲ್ವರಿಗೆ ನಮ್ಮ ಮನೆತನದಲ್ಲಿ ಒಂದು ಕತೆ ಇತ್ತು. ಪ್ರತಿ ಆಯುಧ ಪೂಜೆಗೆ ಕುಡುಗೋಲು, ಕೊಡಲಿ, ಕೂರಿಗೆಯ ಸಾಲಿನಲ್ಲಿ ಅದನ್ನೂ ಇಟ್ಟು ಕುಂಕುಮ ಹಚ್ಚಿದ ಮೇಲೆ ಅಪ್ಪ ಹೇಳುತ್ತಿದ್ದರು: ರಜಾಕಾರರ ಹಾವಳಿಯ ವರ್ಷ ಅಜ್ಜ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ರಾತ್ರೋರಾತ್ರಿ ವಿರೂಪಾಪುರಗಡ್ಡೆಗೆ ಬಂದ. ಅಲ್ಲಿಂದ ಹರಿಗೋಲಿನಲ್ಲಿ ಹಂಪಿಯ ದಂಡೆಗೆ ದಾಟಿಸಿದ. ದಾಟುವಷ್ಟು ಹೊತ್ತೂ ಹರಿಗೋಲಿನ ನಡುವೆ ಎದ್ದು ನಿಂತು, ಹಿಂದಿನ ದಂಡೆಗೆ ಮುಖ ಮಾಡಿ, ರಿವಾಲ್ವರ್ ಹಿಡಿದೇ ಇದ್ದ. ಬೆನ್ನಟ್ಟಿ ಬಂದವರು ನೀರಿಗೆ ಇಳಿಯಲಿಲ್ಲ.

ನಾವು ಮೊಮ್ಮಕ್ಕಳು ಆ ಕತೆ ಕೇಳುತ್ತಲೇ ದೊಡ್ಡವರಾದೆವು. ಹರಿಗೋಲಿನಲ್ಲಿ ಎದ್ದು ನಿಂತರೆ ಅದು ಗಿರಗಿರ ತಿರುಗುತ್ತದೆ ಎಂದು ಗೊತ್ತಿದ್ದೂ ಯಾರೂ ಪ್ರಶ್ನೆ ಕೇಳಲಿಲ್ಲ.

ಈಗ ಚಿಕ್ಕಪ್ಪನ ಮಗ ಹೊಸ ಮನೆ ಕಟ್ಟಿಸಿದ್ದಾನೆ. ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವದ ಹೊತ್ತಿಗೆ ಹಾಲ್‌ನಲ್ಲಿ ಅಜ್ಜನ ದೊಡ್ಡ ಫೋಟೊ, ಅದರ ಪಕ್ಕ ರಿವಾಲ್ವರಿನ ಫೋಟೊ, ಕೆಳಗೆ ನಾಲ್ಕು ಸಾಲಿನ ಫಲಕ ಹಾಕಿಸಬೇಕೆಂಬುದು ಅವನ ಆಸೆ. "ಅಣ್ಣಾ, ಅದು ಹಿಂಗ ತುಕ್ಕು ಹಿಡದ ಫೋಟೊ ತಗದ್ರ ಗುಜರಿ ಅಂಗಡ್ಯಾಗಿನದು ಅಂತಾರ. ಮೊದಲ ಬಣ್ಣ ಮಾಡಿಸು. ಖರ್ಚು ನಂದು" ಅಂದ.

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಬರ್ಮಿಂಗ್‌ಹ್ಯಾಮ್‌ನ ವೆಬ್ಲಿ ಅಂಡ್ ಸ್ಕಾಟ್ ಕಂಪನಿಯ, .32 ಬೋರಿನ, ಆರು ಗುಂಡಿನ ಚಿಕ್ಕ ರಿವಾಲ್ವರ್ ಅದು. ಮೇಲಿನ ಚಿಲಕ ಒತ್ತಿದರೆ ನಡುವೆ ಬಾಗಿ ತೆರೆದುಕೊಳ್ಳುತ್ತದೆ. ಒಂದು ಕಾಲಕ್ಕೆ ನೇರಳೆ ಹಣ್ಣಿನಂತೆ ಮಿಂಚುತ್ತಿದ್ದಿರಬೇಕು. ಈಗ ಆ ಬಣ್ಣ ಸಂದುಗೊಂದುಗಳಲ್ಲಿ ಮಾತ್ರ ಉಳಿದಿದೆ. ನಳಿಗೆಯ ತುದಿ ಚರ್ಮದ ಚೀಲಕ್ಕೆ ಉಜ್ಜಿ ಉಜ್ಜಿ ಬೆಳ್ಳಗಾಗಿದೆ. ಹಿಡಿಕೆಯ ಕಪ್ಪು ವಲ್ಕನೈಟ್ ಬಿಸಿಲಿಗೆ ಚಹಾ ಬಣ್ಣಕ್ಕೆ ತಿರುಗಿದೆ. ಎಡಬದಿ ಅಷ್ಟೇನೂ ಕೆಟ್ಟಿಲ್ಲ. ಬಲಬದಿ ಮಾತ್ರ ಸಿಡುಬಿನ ಮುಖದ ಹಾಗೆ ಕುಳಿಕುಳಿ. ಅದು ಹೊಳೆಯ ನೀರು ಸಿಡಿದು ಆದದ್ದು ಎಂದು ಅಪ್ಪ ಹೇಳುತ್ತಿದ್ದರು.

2024ರ ಫೆಬ್ರುವರಿಯಲ್ಲಿ, ಲೈಸೆನ್ಸ್ ಸಮೇತ ಅದನ್ನು ಬಳ್ಳಾರಿಯ ಒಬ್ಬ ಅಧಿಕೃತ ರಿಪೇರಿಯವರ ಹತ್ತಿರ ಒಯ್ದೆ. ತಂದೆ, ತಾತನ ಕಾಲದಿಂದ ಅದೇ ಕಸುಬು ಮಾಡಿಕೊಂಡು ಬಂದ ಹಿರಿಯರು. ಎಲ್ಲರೂ ಚಾಚಾ ಅನ್ನುತ್ತಾರೆ, ನಾನೂ ಹಾಗೇ ಕರೆದೆ. ಮೊದಲು ಗುಂಡಿನ ಚಕ್ರ ಖಾಲಿ ಇದೆಯೇ ಎಂದು ತಾವೇ ಎರಡು ಸಲ ನೋಡಿದರು. ಆಮೇಲೆ ಕಿಟಕಿಯ ಬೆಳಕಿಗೆ ಹಿಡಿದು ನಳಿಗೆಯೊಳಗೆ ಕಣ್ಣಾಡಿಸಿದರು.

"ಏನ್ ಮಾಡ್ಬೇಕಂತೀರಿ ಸಾರ್?"

"ಬಣ್ಣ ಮಾಡಬೇಕು ಚಾಚಾ."

ಅವರು ನಕ್ಕರು. "ಇದು ಬಣ್ಣ ಅಲ್ಲ ಸಾರ್. ಬಣ್ಣ ಹಚ್ಚಿದ್ರ ಕಿತ್ತು ಬರ್ತದ. ಇದು ತುಕ್ಕು. ಒಳ್ಳೆ ತುಕ್ಕು."

ಬಂದೂಕದ ಉಕ್ಕಿನ ಮೇಲಿನ ಆ ಕಪ್ಪು ನೀಲಿ ಹೊಳಪು ನಿಜಕ್ಕೂ ಕಬ್ಬಿಣದ ಆಕ್ಸೈಡೇ ಎಂದು ನನಗೆ ಗೊತ್ತಾದದ್ದು ಅವತ್ತು. ನಾವು ತುಕ್ಕು ಎನ್ನುವ ಕೆಂಪು ಆಕ್ಸೈಡ್ ಪುಡಿಪುಡಿಯಾಗಿರುತ್ತದೆ, ತೇವವನ್ನು ಹಿಡಿದಿಟ್ಟುಕೊಂಡು ಒಳಗೊಳಗೇ ತಿನ್ನುತ್ತ ಹೋಗುತ್ತದೆ. ಮ್ಯಾಗ್ನೆಟೈಟ್ ಎಂಬ ಕಪ್ಪು ಆಕ್ಸೈಡ್ ಉಕ್ಕಿಗೆ ತೆಳ್ಳಗೆ, ಬಿಗಿಯಾಗಿ ಅಂಟಿಕೊಂಡು, ಎಣ್ಣೆ ಹಿಡಿದಿಟ್ಟುಕೊಂಡು ಕಾಯುತ್ತದೆ. ಹಳೆಯ ಪದ್ಧತಿಯಲ್ಲಿ ಮೊದಲು ಉಕ್ಕನ್ನು ನುಣುಪು ಮಾಡಿ, ಜಿಡ್ಡಿನ ಸುಳಿವೂ ಇಲ್ಲದಂತೆ ತೊಳೆದು, ಔಷಧದ ನೀರು ಸವರಿ ಬೇಕೆಂದೇ ತುಕ್ಕು ಹಿಡಿಸುತ್ತಾರೆ. ಕೆಂಪಾದ ಮೇಲೆ ಕುದಿಯುವ ನೀರಿನಲ್ಲಿ ಮುಳುಗಿಸಿದರೆ ಕೆಂಪು ಕಪ್ಪಾಗುತ್ತದೆ. ಸಡಿಲವಾದದ್ದನ್ನು ನಯವಾದ ತಂತಿ ಬ್ರಷ್‌ನಿಂದ ತೆಗೆದು ಮತ್ತೆ ಸವರುವುದು, ಮತ್ತೆ ಕುದಿಸುವುದು. ಹೀಗೆ ಆರೆಂಟು ಸಲ, ದಿನಗಟ್ಟಲೆ ಕೆಲಸ. ಕಾರ್ಖಾನೆಗಳು ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ಉಪ್ಪಿನ ದ್ರಾವಣವನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಅದರಲ್ಲಿ ಅದ್ದಿ ಅರ್ಧ ಗಂಟೆಯಲ್ಲಿ ಮುಗಿಸುತ್ತವೆ. ಬಾಟಲಿಯಲ್ಲಿ ಬರುವ ದ್ರಾವಣ ಹಚ್ಚಿ ಒರೆಸಿದರೂ ಕಪ್ಪಾಗುತ್ತದೆ, ಆದರೆ ಅದು ಬಹಳ ದಿನ ನಿಲ್ಲುವುದಿಲ್ಲ.

"ಹೊಳಪು ಬರೋದು ನೀಲಿಯಿಂದಲ್ಲ ಸಾರ್, ಅದರ ಕೆಳಗಿನ ಪಾಲಿಶಿನಿಂದ" ಎಂದರು ಚಾಚಾ. "ಈ ಕುಳಿ ಹೋಗ್ಬೇಕಂದ್ರ ಕುಳಿಯ ತಳದ ಮಟ ಸುತ್ತಲಿನ ಉಕ್ಕು ಉಜ್ಜಿ ತೆಗೀಬೇಕು. ಕುಳಿ ಹೋಗ್ತದ. ಜೊತೀಗೆ ಮೂಲೆ ದುಂಡಗಾಗ್ತದ, ಕಂಪನಿ ಹೆಸರು ಮಸುಕಾಗ್ತದ, ಸ್ಕ್ರೂ ಕೂಡೋ ಜಾಗ ತಗ್ಗು ಬೀಳ್ತದ. ನಂಬರಿನ ಜಾಗ ನಾನು ಮುಟ್ಟಂಗಿಲ್ಲ. ಮುಟ್ಟಿದ್ರ ನೀವೂ ಒಳಗ, ನಾನೂ ಒಳಗ."

ಅದು ಬರೀ ಹೆದರಿಕೆಯ ಮಾತಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಬಂದೂಕದ ಮೇಲೆ ಒತ್ತಿದ ಹೆಸರು, ಸಂಖ್ಯೆ, ಗುರುತನ್ನು ಅಳಿಸುವುದು, ಕೆಡಿಸುವುದು, ತಿದ್ದುವುದು ಅಪರಾಧ. ಲೈಸೆನ್ಸ್ ಇರುವುದೇ ಆ ಸಂಖ್ಯೆಯ ಮೇಲೆ. ಹಳೆಯ ಬಂದೂಕಗಳ ಮೋಹ ಇರುವವರೂ ಉಜ್ಜಿ ಹೊಸದು ಮಾಡಿದ್ದಕ್ಕಿಂತ ಸವೆದ ಮೂಲ ಮೈಗೇ ಹೆಚ್ಚು ಬೆಲೆ ಕಟ್ಟುತ್ತಾರಂತೆ.

ಹೊರಡುವಾಗ ಚಾಚಾ ಎರಡು ಮಾತು ಹೇಳಿದರು. ಆ ಎರಡೂ ನನ್ನ ತಲೆಯಲ್ಲಿ ಕೂತವು. "ಒಳಗಿನ ಗೆರಿ ನೋಡ್ದೆ. ಸವದೇ ಇಲ್ಲ. ಇದು ಗುಂಡು ಹಾರಿಸಿದ್ದು ಕಮ್ಮಿ." ಎರಡನೆಯದು: "ಈ ಕುಳಿ ಹೊಳೀ ನೀರಿನದಲ್ಲ. ಹೊಳೀ ನೀರು ಹಿಂಗ ಆಳಕ್ಕ ಕೊರೆಯಂಗಿಲ್ಲ. ಇದು ಉಪ್ಪಿನ ತುಕ್ಕು. ಸಮುದ್ರದ ಹತ್ರ ಇತ್ತೇನು ಇದು?"

ಗಂಗಾವತಿಯಲ್ಲಿ ಎಲ್ಲಿಯ ಸಮುದ್ರ? ನಾಳೆ ಸಂಜೆಯೊಳಗೆ ಫೋನ್ ಮಾಡುತ್ತೇನೆ, ಅಲ್ಲಿಯ ತನಕ ಕೈ ಹಚ್ಚಬೇಡಿ ಎಂದು ಹೇಳಿ, ರಸೀದಿ ಜೇಬಿಗಿಟ್ಟು ಬೈಕ್ ಹತ್ತಿದೆ. ಬಳ್ಳಾರಿಯಿಂದ ಗಂಗಾವತಿಗೆ ಕಂಪ್ಲಿ ದಾರಿ ಹತ್ತಿರ. ಆದರೆ ಆ ರಾತ್ರಿಯ ಹರಿಗೋಲಿನಲ್ಲಿ ಕೂತಿದ್ದವರಲ್ಲಿ ಉಳಿದಿರುವುದು ಒಬ್ಬರೇ, ಆನೆಗೊಂದಿಯಲ್ಲಿರುವ ನನ್ನ ಸೋದರತ್ತೆ. ಆಗ ಏಳು ವರ್ಷದ ಹುಡುಗಿ, 2024ರಲ್ಲಿ ಎಂಬತ್ತಮೂರು. ಅಪ್ಪ ಹುಟ್ಟಿದ್ದು ಆಮೇಲೆ. ಹಾಗಾಗಿ ಆ ರಾತ್ರಿ ಊರಲ್ಲೇ ತಂಗಿ, ಮರುದಿನ ಬೆಳಿಗ್ಗೆ ಕಮಲಾಪುರದ ಮೇಲೆ ತಳವಾರಘಟ್ಟಕ್ಕೆ ಬಂದೆ.

ತಳವಾರಘಟ್ಟದಲ್ಲಿ ಬೈಕನ್ನೂ ದೋಣಿಗೆ ಹತ್ತಿಸುತ್ತಾರೆ. ನದಿಯ ನಡುವೆ ಅರ್ಧಕ್ಕೇ ನಿಂತ ಸೇತುವೆಯ ಅವಶೇಷ ಕಾಣುತ್ತದೆ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ್ದ ಹಂಪಿ 1999ರಲ್ಲಿ "ಅಪಾಯದಲ್ಲಿರುವ ತಾಣ"ಗಳ ಪಟ್ಟಿಗೆ ಇಳಿದದ್ದು ಇಂಥ ಎರಡು ಸೇತುವೆಗಳಿಂದ. ಒಂದು ಇದು, ಇನ್ನೊಂದು ವಿರೂಪಾಪುರಗಡ್ಡೆಗೆ ಕಟ್ಟಹೊರಟ ಕಾಲುಸೇತುವೆ. 2006ರಲ್ಲಿ ಆ ಪಟ್ಟಿಯಿಂದ ಹೊರಬಂತು. ಆನೆಗೊಂದಿಯ ಸೇತುವೆ 2009ರ ಜನವರಿಯಲ್ಲಿ, ಕಟ್ಟುತ್ತಿರುವಾಗಲೇ ಕುಸಿದು ಕೂಲಿಕಾರರ ಪ್ರಾಣ ತೆಗೆಯಿತು. ಹಾಗಾಗಿ ಇಲ್ಲಿ ಇವತ್ತಿಗೂ ದೋಣಿಯೇ ಗತಿ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಯಸ್, ಬುಟ್ಟಿಯಂತೆ ದುಂಡಗಿನ, ತೊಗಲು ಹೊದಿಸಿದ ದೋಣಿಗಳಲ್ಲಿ ಹದಿನೈದು ಇಪ್ಪತ್ತು ಜನ ದಾಟುವುದನ್ನು ಕಂಡು ಬರೆದಿದ್ದಾನೆ. ಈಗ ತೊಗಲಿನ ಬದಲು ಪ್ಲಾಸ್ಟಿಕ್ ಮತ್ತು ಡಾಂಬರು ಬಂದಿದೆ. ಹರಿಗೋಲು ಮಾತ್ರ ಅದೇ.

ಅತ್ತೆಯ ಮನೆಯಲ್ಲಿ ಕೂತ ಕೂಡಲೇ ಖಡಕ್ ರೊಟ್ಟಿ, ಮೊಸರು, ಮಾವಿನಕಾಯಿ ಉಪ್ಪಿನಕಾಯಿ ಬಂದವು. ನಾನು ರಿವಾಲ್ವರಿನ ಮಾತು ತೆಗೆದೆ, ಚಾಚಾ ಹೇಳಿದ್ದನ್ನು ಹೇಳಿದೆ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಉಂಡು ಏಳು. ಗಡ್ಡೀಗೆ ಹೋಗೂಣು" ಅಂದರು. ಮೊಣಕಾಲು ನೋವಿನಿಂದ ಓಣಿ ದಾಟಿ ಎಷ್ಟೋ ತಿಂಗಳಾಗಿತ್ತಂತೆ. ಓಣಿಯ ಹುಡುಗನೊಬ್ಬ ಆಟೊ ತಂದ.

ನಮ್ಮ ಕಡೆ "ಗಡ್ಡಿ" ಎಂದರೆ ಸಾಕು, ವಿರೂಪಾಪುರಗಡ್ಡೆ ಎಂದೇ ಅರ್ಥ. ತುಂಗಭದ್ರೆ ಬಂಡೆಗಳ ನಡುವೆ ಕವಲೊಡೆದು ಸುತ್ತುವರಿದ ನೆಲ ಅದು. ಎದುರು ದಂಡೆಯ ಹಂಪಿ ವಿಜಯನಗರ ಜಿಲ್ಲೆ, ಗಡ್ಡೆ ಕೊಪ್ಪಳ ಜಿಲ್ಲೆ. ಆಟೊ ಅಂಜನಾದ್ರಿಯ ಬುಡ ದಾಟಿತು. 575 ಮೆಟ್ಟಿಲಿನ ಬೆಟ್ಟಕ್ಕೆ ಅವತ್ತೂ ಜನವೋ ಜನ. ಹನುಮನಹಳ್ಳಿ ದಾಟಿ ಎಡಕ್ಕೆ ಇಳಿದರೆ ಗದ್ದೆ, ಬಾಳೆ, ತೆಂಗು, ಅವುಗಳ ನಡುವೆ ಮನೆಯಷ್ಟು ದೊಡ್ಡ ಬಂಡೆಗಳು. ವಿಜಯನಗರದ ಕಾಲದಲ್ಲಿ ತೋಡಿದ ಕಾಲುವೆಗಳು ಈ ಸೀಮೆಯಲ್ಲಿ ಇವತ್ತಿಗೂ ನೀರುಣಿಸುತ್ತಿವೆ. ನದಿಯ ಕವಲಿನ ಮೇಲೆ ಬುಕ್ಕನ ಕಾಲದ್ದೆಂದು ಹೇಳುವ ಕಲ್ಲಿನ ಮೇಲ್ಗಾಲುವೆಯ ಕಂಬಗಳು ಮುರಿದು ನಿಂತಿವೆ. ಅವು ಮಾತ್ರ ನೀರು ಹರಿಸುವುದನ್ನು ಎಂದೋ ಬಿಟ್ಟಿವೆ.

ನಾನು ಕಾಲೇಜಿನಲ್ಲಿದ್ದಾಗ ಈ ಗಡ್ಡೆ ಬೇರೆಯೇ ಲೋಕವಾಗಿತ್ತು. ವಿದೇಶಿಯರು "ಹಿಪ್ಪಿ ಐಲ್ಯಾಂಡ್" ಎಂದು ಕರೆಯುತ್ತಿದ್ದರು. ಬಾಡಿಗೆ ಮೊಪೆಡ್, ಹುಲ್ಲಿನ ಮಾಡಿನ ಗುಡಿಸಲು, ಹೀಬ್ರೂ ಅಕ್ಷರದ ಬೋರ್ಡುಗಳು. 2019ರ ಆಗಸ್ಟ್‌ನಲ್ಲಿ ಜಲಾಶಯದಿಂದ ನೀರು ಬಿಟ್ಟಾಗ ನೂರಾರು ಪ್ರವಾಸಿಗರು ಇಲ್ಲಿ ಸಿಕ್ಕಿಬಿದ್ದರು. ದೋಣಿ, ಹೆಲಿಕಾಪ್ಟರ್ ತಂದು ಹೊರಗೆ ಕರೆದೊಯ್ಯಬೇಕಾಯಿತು. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು. ಸಂರಕ್ಷಿತ ಪ್ರದೇಶದಲ್ಲಿ ಕಟ್ಟಿದ ರೆಸಾರ್ಟ್‌ಗಳನ್ನು ಮಾರ್ಚ್ ಮೊದಲ ವಾರದಲ್ಲಿ ಜೆಸಿಬಿಗಳು ನೆಲಸಮ ಮಾಡಿದವು. ಈಗ ಆ ಜಾಗಗಳಲ್ಲಿ ಅಲ್ಲಲ್ಲಿ ಸಿಮೆಂಟಿನ ಕಟ್ಟೆಯ ಚೂರು, ಅದರ ಸುತ್ತ ಹುಲ್ಲು. ಅಂಗಡಿ ಹಾಕಿಕೊಂಡು ಬದುಕುತ್ತಿದ್ದವರಲ್ಲಿ ಕೆಲವರು ಸಾಣಾಪುರದ ಕಡೆ ಹೋದರು, ಕೆಲವರು ಮತ್ತೆ ಗದ್ದೆಗೆ ಇಳಿದರು. ಅತ್ತೆ ಇದನ್ನೆಲ್ಲ ನೋಡುತ್ತ, "ಈ ಗಡ್ಡಿ ಎಷ್ಟು ಮಂದಿನ್ನ ಇಟಗೊಂಡಿತು, ಎಷ್ಟು ಮಂದಿನ್ನ ಕಳಿಸಿತು" ಎಂದಷ್ಟೇ ಅಂದರು.

ಹೊಳೆಯ ದಂಡೆಗೆ ಬಂದೆವು. ಎದುರಿಗೇ ವಿರೂಪಾಕ್ಷನ ಒಂಬತ್ತು ನೆಲೆಯ ಗೋಪುರ. ಆಚೆ ದಂಡೆಯ ಮೆಟ್ಟಿಲ ಮೇಲೆ ಯಾರೋ ಬಟ್ಟೆ ಒಗೆಯುವ ಸಪ್ಪಳ ಈಚೆಗೂ ಕೇಳುತ್ತಿತ್ತು. ಈಜು ಬಲ್ಲವನಿಗೆ ಹತ್ತು ನಿಮಿಷದ ದಾರಿ. 1948ರಲ್ಲಿ ಇದು ಎರಡು ರಾಜ್ಯಗಳ ಗಡಿ. ಗಡ್ಡೆ ನಿಜಾಮನದು. ಹಂಪಿ, ಹೊಸಪೇಟೆ ಇದ್ದ ಬಳ್ಳಾರಿ ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು, ಅಂದರೆ ಸ್ವತಂತ್ರ ಭಾರತ. ಈಚೆ ದಂಡೆಗೆ ಇನ್ನೂ ಸ್ವಾತಂತ್ರ್ಯ ಬಂದಿರಲಿಲ್ಲ. ಹಳ್ಳಿ ಹಳ್ಳಿಗಳಲ್ಲಿ ರಜಾಕಾರರ ಭಯ. ಅನುಕೂಲ ಇದ್ದವರು ಗದಗ, ಹೊಸಪೇಟೆ ಕಡೆ ಗುಳೆ ಹೊರಟಿದ್ದರು. ಮುಂಡರಗಿಯಂಥ ಗಡಿ ಊರುಗಳಲ್ಲಿ ಹೋರಾಟಗಾರರು ಶಿಬಿರ ಕಟ್ಟಿದ್ದರು.

ಆನೆ ಕೂತಂತಿದ್ದ ಒಂದು ಬಂಡೆಯ ನೆರಳಲ್ಲಿ ಅತ್ತೆಯನ್ನು ಕೂರಿಸಿದೆ. ಅವರು ಬಂಡೆಯ ಬುಡವನ್ನು ಕೈಯಿಂದ ಸವರಿ, "ಇಲ್ಲೇ" ಅಂದರು.

"ಇಲ್ಲೇನು ಅತ್ತಿ?"

"ನಿಮ್ಮಜ್ಜಿ ಪಿಸ್ತೂಲು ಹುಗದದ್ದು."

ಆಮೇಲೆ ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ.

"ಕಾರಹುಣ್ಣಿವಿ ಹೊತ್ತು. ಮಳಿ ಹಿಡಿಯೂಕಿಂತ ಮೊದಲ ದಾಟಬೇಕು, ಹೊಳಿ ತುಂಬಿದ್ರ ಮುಗೀತು. ಚಕ್ಕಡ್ಯಾಗ ಬಂದ್ವಿ, ಗಂಟೆ ಸರ ಬಿಚ್ಚಿ. ನಾವು ಏಳು ಮಂದಿ. ಹೊಳೀ ದಂಡ್ಯಾಗ ಅಂಬಿಗ ಕುಂತಿದ್ದ. ನಿಮ್ಮಜ್ಜನ ಸೊಂಟಕ್ಕ ಇದ್ದದ್ದು ಅವನ ಕಣ್ಣಿಗೆ ಬಿತ್ತು. 'ಗೌಡ್ರ, ಆಚಿ ದಂಡ್ಯಾಗ ಪೊಲೀಸ್ರು ಗಂಟು ಬಿಚ್ಚಿ ನೋಡ್ತಾರ. ಅದು ಸಿಕ್ರ ನಿಮ್ಮನ್ನೂ ಹಿಡೀತಾರ, ನನ್ನ ಹರಿಗೋಲನೂ ಹಿಡೀತಾರ. ಅದನ್ನ ಬಿಟ್ಟು ಹತ್ರಿ, ಇಲ್ಲಂದ್ರ ಇಲ್ಲೇ ಇರ್ರಿ' ಅಂದ. ನಿಮ್ಮಜ್ಜ ಮಾತಾಡಲಿಲ್ಲ. ಬಿಟ್ಟೆ ಅನ್ನಾಕ ಬಾಯಿಲ್ಲ, ಹೊಡೀತೀನಿ ಅನ್ನಾಕ ಮನಸಿಲ್ಲ. ನಿಂತೇ ಇದ್ದ. ನನ್ನ ತಮ್ಮ ಅಳಾಕ ಹತ್ತಿದ.

"ನಮ್ಮವ್ವನ ಬಗಲಾಗ ಉಪ್ಪಿನಕಾಯಿ ಭರಣಿ ಇತ್ತು. ಪರಸ್ಥಳದಾಗ ರೊಟ್ಟಿಗೆ ಹಚ್ಚಾಕ ಏನರ ಬೇಕಲ್ಲ, ಅದನ್ನ ತಂದಿದ್ದಳು. ಅಷ್ಟೂ ಉಪ್ಪಿನಕಾಯಿ ಬಾಳಿ ಎಲಿ ಮ್ಯಾಲ ಸುರದಳು. ಹೊಳ್ಯಾಗ ಒಂದು ಸಲ ಅಲಬರಿಸಿದಳು. ಗಂಡನ ಸೊಂಟಕ್ಕ ಕೈ ಹಾಕಿ ಅದನ್ನ ತಗದಳು. ಸೀರಿ ಸೆರಗು ಹರದು ಸುತ್ತಿ, ಭರಣ್ಯಾಗ ಇಟ್ಟು, ಬಾಯಿ ಕಟ್ಟಿ, ಈ ಬಂಡಿ ಬುಡಕ್ಕ ಕುರ್ಚಗಿಯಿಂದ ಕೆದರಿ ಹುಗದಳು. 'ಹತ್ರಿ' ಅಂದಳು. ಹತ್ತಿದ್ವಿ. ನಿಂತವರು ಯಾರೂ ಇಲ್ಲಪಾ. ನಿಮ್ಮಜ್ಜ ನನ್ನ ತೊಡಿ ಮ್ಯಾಲ ಕುಂದ್ರಿಸಿಗೊಂಡು, ನನ್ನ ಬಾಯಿ ಮ್ಯಾಲ ಕೈ ಇಟಗೊಂಡಿದ್ದ. ಅವನ ಕೈ ನಡಗತಿತ್ತು."

ಸೆಪ್ಟೆಂಬರ್ 13ರಂದು ಭಾರತದ ಸೇನೆ ಹೈದರಾಬಾದ್ ಸಂಸ್ಥಾನಕ್ಕೆ ಕಾಲಿಟ್ಟಿತು. 17ರಂದು ನಿಜಾಮ ಶರಣಾದ. ಹೊಸಪೇಟೆಯಲ್ಲಿದ್ದ ನಮ್ಮವರು ದಸರೆಯ ಹೊತ್ತಿಗೆ ಇದೇ ಗಡ್ಡೆಯ ಮೇಲೆ ಹಾದು ಊರಿಗೆ ಮರಳಿದರು. ಬಂಡೆ ಯಾವುದೆಂದು ಅಜ್ಜನಿಗೆ ಗೊತ್ತಾಗಲಿಲ್ಲವಂತೆ. ಅಜ್ಜಿ ನೆಟ್ಟಗೆ ಬಂದು ಅಗೆದಳು. ಭರಣಿ ಒಡೆದಿರಲಿಲ್ಲ. ಒಳಗೆ ನೀರು ಒಸರಿ, ಭರಣಿಯ ಮೈ ಹೀರಿಕೊಂಡಿದ್ದ ಉಪ್ಪು ಬಿಟ್ಟುಕೊಂಡು, ಕೆಳಗಾಗಿ ಮಲಗಿದ್ದ ಬಲಬದಿಯನ್ನು ನಾಲ್ಕು ತಿಂಗಳು ತಿಂದಿತ್ತು. ಆ ವರ್ಷದ ಆಯುಧ ಪೂಜೆಗೆ ಅದನ್ನು ಒರೆಸಿ ಇಟ್ಟರು. ನಮ್ಮ ಮನೆಯಲ್ಲಿ ರಿವಾಲ್ವರಿಗೆ ಕುಂಕುಮ ಹಚ್ಚುವುದು ಶುರುವಾದದ್ದು ಅವತ್ತಿನಿಂದ.

"ಮತ್ತ ಅಜ್ಜ ನಿಂತ ಕತಿ ಅತ್ತಿ?"

"ಅವ ಎಂದೂ ಹೇಳಲಿಲ್ಲ. ಮಂದಿ ಹೇಳಿದ್ರು, ನಿಮ್ಮಪ್ಪ ಹೇಳಿದ. ನಮ್ಮಪ್ಪ ಸುಮ್ಮನ ಕೇಳತಿದ್ದ. ಸುಮ್ಮನಿದ್ದವರ ಬಾಯಾಗ ಮಂದಿ ತಮ್ಮ ಮಾತು ಇಡ್ತಾರ."

"ನೀವರ ಹೇಳಬೇಕಿತ್ತು?"

"ಕೇಳಿದವ್ರು ಯಾರು?"

ನನಗೆ ಉತ್ತರ ಹೊಳೆಯಲಿಲ್ಲ. ಅತ್ತೆಯೇ ಮುಂದುವರಿಸಿದರು. "ಅವ ಅಂಜಿದ್ದ ಅಂತ ತಿಳಕೋಬ್ಯಾಡ. ಅದನ್ನ ಬಿಟ್ಟು ಹರಿಗೋಲು ಹತ್ತಾಕೂ ಗುಂಡಿಗಿ ಬೇಕು. ನಾವು ಏಳು ಮಂದಿ, ಅದು ಎಂಟನೇದು. ಎಂಟನೇದಕ್ಕ ಜಾಗ ಇರಲಿಲ್ಲ, ಅಷ್ಟ."

ಬಿಸಿಲು ಇಳಿಯುವ ತನಕ ಅಲ್ಲೇ ಕೂತೆವು. ಆಚೆ ದಂಡೆಯಲ್ಲಿ ಹೇಮಕೂಟದ ಹಿಂದೆ ಎಲ್ಲೋ ಉಗ್ರನರಸಿಂಹ ಇದ್ದಾನೆ, 1528ರಲ್ಲಿ ಒಂದೇ ಬಂಡೆಯಲ್ಲಿ ಕಡೆದ ಮೂರ್ತಿ. ಅವನ ಮುರಿದ ಕೈಗಳನ್ನು ಹೊಸದಾಗಿ ಮಾಡಿ ಜೋಡಿಸಿಲ್ಲ. ಬೀಳುವುದನ್ನು ತಡೆಯಬೇಕು, ಬಿದ್ದದ್ದನ್ನು ಬಿದ್ದಿಲ್ಲ ಎನ್ನಬಾರದು ಎಂಬ ಲೆಕ್ಕ ಇರಬೇಕು. ನಮ್ಮ ಮನೆಯ ಕತೆಗೆ ನಾವು ಮಾಡಿದ್ದು ಅದಕ್ಕೆ ತದ್ವಿರುದ್ಧ. ಅಜ್ಜನನ್ನು ಉಜ್ಜಿ ಉಜ್ಜಿ ಹೊಳಪು ಮಾಡಿದೆವು. ಹಾಗೆ ಮಾಡುವಾಗ ಅಜ್ಜಿಯ ಹೆಸರೇ ಸವೆದು ಹೋಯಿತು. ಆಕೆ ಅಲ್ಲಿದ್ದಳು ಎಂಬುದಕ್ಕೆ ಉಳಿದ ಗುರುತು ಬಲಬದಿಯ ಆ ಕುಳಿಗಳಷ್ಟೇ. ಅವನ್ನೇ ತೆಗೆಸಲು ನಾನು ಬಳ್ಳಾರಿಗೆ ಹೋಗಿದ್ದೆ.

ಬಂಡೆಯ ಹತ್ತಿರ ನಿಂತೇ ಚಾಚಾಗೆ ಫೋನ್ ಮಾಡಿದೆ. "ಪಾಲಿಶ್ ಬೇಡ. ಕೆಂಪು ತುಕ್ಕು ಇನ್ನಷ್ಟು ತಿನ್ನದಂಗೆ ನಿಲ್ಲಿಸಿ, ಸಾಕು. ಕುಳಿ ಹಂಗೇ ಇರ್ಲಿ." ಉಪ್ಪು ಎಲ್ಲಿಂದ ಬಂತೆಂದೂ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಉಪ್ಪಿನಕಾಯಿ ಅಂತೀರಿ! ಸಮುದ್ರ ಹುಡುಕ್ತಿದ್ದೆ ನಾನು" ಎಂದು ನಕ್ಕರು. "ನಂಗೆ ಕೂಲಿ ಕಮ್ಮಿ ಆತು. ಆದ್ರ ಒಳ್ಳೇದು ಮಾಡಿದ್ರಿ."

ಹತ್ತು ದಿನ ಬಿಟ್ಟು ಹೋಗಿ ತಂದೆ. ಎಣ್ಣೆಯಲ್ಲಿ ನೆನೆಸಿ, ಕೂದಲಿಗಿಂತ ನಯವಾದ ಸ್ಟೀಲ್ ಉಣ್ಣೆಯಿಂದ ಕೆಂಪನ್ನಷ್ಟೇ ಬಿಡಿಸಿದ್ದರು. ಕೆಳಗಿನ ಕಪ್ಪು ಹಾಗೇ ಇತ್ತು. ಅಲ್ಲಲ್ಲಿ ಉಳಿದ ಹಳೆಯ ನೀಲಿ ಈಗ ಎದ್ದು ಕಾಣುತ್ತಿತ್ತು. ಚರ್ಮದ ಚೀಲದಲ್ಲಿ ಮಾತ್ರ ಇಡಬೇಡಿ ಅಂದರು. ಹದ ಮಾಡಿದ ತೊಗಲು ತೇವ ಹೀರಿ, ಹದಕ್ಕೆ ಬಳಸಿದ ಹುಳಿಯ ಅಂಶ ಬಿಟ್ಟುಕೊಟ್ಟು ಹೊಸ ತುಕ್ಕಿಗೆ ದಾರಿ ಮಾಡುತ್ತದಂತೆ. ಎಣ್ಣೆ ಸವರಿದ ಹತ್ತಿ ಬಟ್ಟೆ ಸಾಕು, ಮುಟ್ಟಿದಾಗಲೆಲ್ಲ ಬೆವರು ಒರೆಸಬೇಕು. ನಮ್ಮ ಓದುಗರಲ್ಲಿ ಯಾರ ಮನೆಯಲ್ಲಾದರೂ ಅಜ್ಜನ ಕಾಲದ ಕೋವಿಯೋ ಕತ್ತಿಯೋ ಇದ್ದರೆ ಈ ಮಾತು ನೆನಪಿರಲಿ: ಹಾಳಾಗುವುದನ್ನು ನಿಲ್ಲಿಸಿ, ಹೊಸದು ಮಾಡಲು ಹೋಗಬೇಡಿ. ಲೈಸೆನ್ಸಿನ ವಸ್ತುವಾದರೆ ಅಧಿಕೃತ ರಿಪೇರಿಯವರ ಕೈಗೆ ಮಾತ್ರ ಕೊಡಿ. ಅದಕ್ಕೂ ಮೊದಲು, ಮನೆಯಲ್ಲಿ ಹಿರಿಯರು ಯಾರಾದರೂ ಉಳಿದಿದ್ದರೆ ಒಮ್ಮೆ ಕೇಳಿ.

ಆ ವರ್ಷದ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಹೊಳೆ ಉಕ್ಕಿ ಹರಿಯಿತು. ಅತ್ತೆಗೆ ಫೋನ್ ಮಾಡಿದಾಗ ಅವರು ಕೇಳಿದ್ದು ಒಂದೇ: "ಆ ಬಂಡಿ ಮಟ ನೀರು ಬಂದೈತೇನು, ನೋಡಿದ್ಯಾ?"

ಚಿಕ್ಕಪ್ಪನ ಮಗ ಮಾತ್ರ ಇನ್ನೂ ಪೂರ್ತಿ ಒಪ್ಪಿಲ್ಲ. ಸೆಪ್ಟೆಂಬರ್‌ನಲ್ಲಿ ನಮ್ಮ ಮನೆಗೇ ಬಂದು ಫೋಟೊ ತೆಗೆಸಿಕೊಂಡು ಹೋದ, ಎಡಬದಿಯಿಂದ. ಫಲಕದಲ್ಲಿ ಏನು ಬರೆಯಬೇಕೆಂದು ಇನ್ನೂ ತೀರ್ಮಾನ ಆಗಿಲ್ಲ. ಜಾಗ ಖಾಲಿ ಇದೆ. ಅತ್ತೆಯನ್ನು ಕರೆತಂದು ಎರಡು ದಿನ ಇಟ್ಟುಕೊಂಡಿದ್ದ. ಅವನ ಮಕ್ಕಳು ಆ ರಾತ್ರಿಯ ಕತೆಯನ್ನು ಮೂರು ಸಲ ಹೇಳಿಸಿಕೊಂಡವಂತೆ. ಪ್ರತಿ ಸಲವೂ, "ಅಷ್ಟು ಉಪ್ಪಿನಕಾಯಿ ಏನಾತು?" ಎಂದು ಕೇಳಿದವಂತೆ. ಅಂಬಿಗನ ಮನೆಗೆ ಹೋಯಿತು ಎಂದು ಅತ್ತೆ ಹೇಳಿದರು. ಅದು ನನಗೂ ಹೊಸ ಸಂಗತಿ.

ಭರಣಿ ಎಲ್ಲಿದೆ ಎಂಬುದನ್ನೂ ಆಗಲೇ ಕೇಳಿ ತಿಳಿದೆ. ಮದುವೆಯಾಗಿ ಆನೆಗೊಂದಿಗೆ ಬರುವಾಗ ಅಜ್ಜಿ ಅದನ್ನು ಮಗಳಿಗೆ ಕೊಟ್ಟಿದ್ದಳು. ಫೆಬ್ರುವರಿಯ ಆ ಬೆಳಿಗ್ಗೆ ಗಡ್ಡೆಗೆ ಹೊರ ಬೀಳುವ ಮೊದಲು ನಾನು ರೊಟ್ಟಿಗೆ ಹಚ್ಚಿಕೊಂಡು ತಿಂದದ್ದು ಅದರೊಳಗಿನ ಉಪ್ಪಿನಕಾಯಿಯನ್ನೇ.

ಅಕ್ಟೋಬರ್‌ನ ಆಯುಧ ಪೂಜೆಗೆ ರಿವಾಲ್ವರನ್ನು ಎಂದಿನಂತೆ ಕುಡುಗೋಲಿನ ಪಕ್ಕ ಇಟ್ಟೆ. ಅಪ್ಪ ಯಾವಾಗಲೂ ಎಡಬದಿ ಮೇಲೆ ಮಾಡಿ ಇಡುತ್ತಿದ್ದರು. ನಾನು ತಿರುಗಿಸಿ, ಬಲಬದಿಗೆ ಕುಂಕುಮ ಹಚ್ಚಿದೆ.